ಹವಾಮಾನ ನೀತಿಯ ಇತಿಹಾಸ ಕಲಿಸಲು ಯಾವ ಡಾಕ್ಯುಮೆಂಟರಿ ತೋರಿಸಬೇಕು?

ಹವಾಮಾನ ನೀತಿ ಬೆಳೆದು ಬಂದ ಕಥೆಯನ್ನು ಪದವಿ ಮಕ್ಕಳಿಗೆ ಪೂರ್ತಿಯಾಗಿ ಹೇಳುವ ಒಂದು ಡಾಕ್ಯುಮೆಂಟರಿ ಬೇಕು ಅಂತ ಕೇಳಿದ್ದೀರಿ. ನಾನೂ ಅದನ್ನೇ ಹುಡುಕಿದ್ದೆ. ಸಿಕ್ಕಿತು ಅಂದುಕೊಂಡು ತೋರಿಸಿಯೂ ಬಿಟ್ಟೆ. ಒಂದು ಇಡೀ ಸೆಮಿಸ್ಟರ್ ನೀರಿನಲ್ಲಿ ಹೋಮ ಆಯಿತು.

ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಪರಿಸರ ರಾಜಕೀಯದ ಪತ್ರಿಕೆ ನನ್ನ ಪಾಲಿಗೆ ಬಂದಾಗ, ಒಪ್ಪಂದಗಳ ಹೆಸರು, ಇಸವಿ ಬರೆಸುತ್ತಾ ಕೂತರೆ ಮಕ್ಕಳು ತೂಕಡಿಸುತ್ತಾರೆ ಅನ್ನುವ ಭಯ ಇತ್ತು. ಅದಕ್ಕೇ ತುಂಬಾ ಹೆಸರು ಮಾಡಿದ ಒಂದು ಡಾಕ್ಯುಮೆಂಟರಿ ತಂದೆ. ಪರದೆ ಎಳೆದು, ದೀಪ ಆರಿಸಿ, ಮೊದಲಿಂದ ಕೊನೆವರೆಗೆ ಓಡಿಸಿದೆ. ಯಾರೂ ಮಿಸುಕಾಡಲಿಲ್ಲ. ಮುಗಿದಾಗ ಕೆಲವರ ಕಣ್ಣು ಒದ್ದೆಯಾಗಿತ್ತು. ಪಾಠ ಮನಸ್ಸಿಗೆ ಇಳಿದಿದೆ ಅಂತ ನಂಬಿದೆ.

ಪರೀಕ್ಷೆಯಲ್ಲಿ, ಶ್ರೀಮಂತ ದೇಶಗಳು ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ತಗ್ಗಿಸಬೇಕು ಅನ್ನುವ 1997ರ ಕ್ಯೋಟೋ ಒಪ್ಪಂದದಿಂದ ಅಮೆರಿಕ ಯಾಕೆ ಹೊರಗುಳಿಯಿತು ಅಂತ ಕೇಳಿದ್ದೆ. ಯಾವ ಉತ್ತರ ಪತ್ರಿಕೆ ತೆರೆದರೂ ಅದೇ ಮಾತು: 'ಆಗ ಜನರಲ್ಲಿ ಅರಿವು ಇರಲಿಲ್ಲ.' ಚೆನ್ನಾಗಿ ಓದುವ ಹುಡುಗಿಯೂ ಅದನ್ನೇ ಬರೆದಿದ್ದಳು. ಪಕ್ಕದಲ್ಲಿ ಕರಗುವ ಹಿಮಗಡ್ಡೆಯ ಚಿತ್ರ ಬೇರೆ ಬಿಡಿಸಿದ್ದಳು.

ಅರಿವು ಇತ್ತು. 1965ರಲ್ಲೇ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಅವರ ವಿಜ್ಞಾನ ಸಲಹೆಗಾರರು ಇಂಗಾಲದ ಡೈಆಕ್ಸೈಡ್ ಬಗ್ಗೆ ವರದಿ ಕೊಟ್ಟಿದ್ದರು. 1979ರಲ್ಲಿ ಹವಾಮಾನ ವಿಜ್ಞಾನಿ ಜೂಲ್ ಚಾರ್ನಿ ನೇತೃತ್ವದ ತಂಡ, ಗಾಳಿಯಲ್ಲಿ ಆ ಅನಿಲ ಎರಡು ಪಟ್ಟಾದರೆ ಭೂಮಿ 1.5ರಿಂದ 4.5 ಡಿಗ್ರಿ ಬಿಸಿಯಾಗಬಹುದು ಅಂತ ಲೆಕ್ಕ ಹಾಕಿತ್ತು. 1988ರ ಜೂನ್‌ನಲ್ಲಿ ನಾಸಾ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್, ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯ ಮುಂದೆ ಕೂತು ಭೂಮಿ ಬಿಸಿಯಾಗುತ್ತಿದೆ ಅಂತ ನೇರವಾಗಿ ಹೇಳಿದರು. 1992ರ ರಿಯೊ ಹವಾಮಾನ ಒಪ್ಪಂದದಲ್ಲಿ ಶ್ರೀಮಂತ ದೇಶಗಳೇ ಮೊದಲು ಹೆಜ್ಜೆ ಇಡಬೇಕು ಅಂತ ಬರೆದಿತ್ತು, ಅಮೆರಿಕದ ಸೆನೆಟ್ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಐದು ವರ್ಷ ಕಳೆದ ಮೇಲೆ, 1997ರ ಜುಲೈನಲ್ಲಿ, ಅದೇ ಸೆನೆಟ್ 95-0 ಓಟಿನಲ್ಲಿ ಒಂದು ನಿರ್ಣಯ ಮಾಡಿತು: ಬಡ ದೇಶಗಳಿಗೂ ಅದೇ ಅವಧಿಯಲ್ಲಿ ಕಟ್ಟುಪಾಡು ಹಾಕದ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಬಾರದು. ಕ್ಯೋಟೋ ಸಭೆ ನಡೆದದ್ದು ಆಮೇಲೆ, ಡಿಸೆಂಬರ್‌ನಲ್ಲಿ. ಸಭೆಗೆ ಮೊದಲೇ ಬಾಗಿಲು ಹಾಕಿಯಾಗಿತ್ತು. ಇದು ಗೊತ್ತಿಲ್ಲದೆ ಆದದ್ದಲ್ಲ, ಎಲ್ಲ ಗೊತ್ತಿದ್ದೂ ಮಾಡಿದ್ದು.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ನೀವೂ ಅಲ್ಲೇ ಎಡವುತ್ತೀರಿ ಅನ್ನಿಸುತ್ತಿದೆ. ಸಿನಿಮಾ ತೋರಿಸಿದ್ದು ತಪ್ಪಲ್ಲ. ಎಲ್ಲೂ ನಿಲ್ಲಿಸದೆ ಓಡಿಸಿದ್ದು ತಪ್ಪು. ಕತ್ತಲಲ್ಲಿ ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ಸಂಗೀತ ಏರಿದಾಗ ಮಕ್ಕಳ ಮನಸ್ಸೂ ಏರಿತು, ಪ್ರಶ್ನೆ ಹುಟ್ಟಬೇಕಾದ ಜಾಗದಲ್ಲೆಲ್ಲ ದುಃಖ ಬಂದು ಕೂತಿತು. ಅವರ ಮೌನವನ್ನು ನಾನು ಅರ್ಥವಾಗಿದೆ ಅಂತ ಓದಿಕೊಂಡೆ. ಎಲ್ಲಕ್ಕಿಂತ ಜಾಸ್ತಿ ಕೆಟ್ಟದ್ದು ಏನಂದರೆ, ಆ ಸಿನಿಮಾ ಯಾವ ಇಸವಿಯದು, ಯಾರು ಯಾಕೆ ಮಾಡಿದರು ಅಂತ ನಾನು ಒಂದು ಮಾತೂ ಹೇಳಲಿಲ್ಲ. ಇಂಥ ಸಿನಿಮಾ ಮಾಡುವವರಿಗೆ ಜನರನ್ನು ಎಬ್ಬಿಸಬೇಕಾಗಿರುತ್ತದೆ. ಜನಕ್ಕೆ ಗೊತ್ತಾದರೆ ಸರಿಹೋಗುತ್ತದೆ ಅನ್ನುವ ನಂಬಿಕೆ ಅದರ ಎಲುಬಿನಲ್ಲೇ ಇರುತ್ತದೆ. ಆ ನಂಬಿಕೆಯನ್ನು ಮಕ್ಕಳು ಇತಿಹಾಸ ಅಂತ ನುಂಗಿಕೊಂಡರು. ಉಳಿದ ತರಗತಿಗಳೆಲ್ಲ ಅದನ್ನು ಕೀಳುವುದರಲ್ಲೇ ಹೋದವು. ಮುಂದಿನ ವರ್ಷ ಆ ಪತ್ರಿಕೆ ನನ್ನ ಕೈತಪ್ಪಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೂರ್ತಿ ಕಥೆ ಹೇಳುವ ಆ ಒಂದು ಡಾಕ್ಯುಮೆಂಟರಿಯನ್ನು ಹುಡುಕಬೇಡಿ. ನೀತಿ ಹುಟ್ಟುವುದು ಮುಚ್ಚಿದ ಕೋಣೆಯಲ್ಲಿ, ಕಾಗದದ ಮೇಲೆ. ಕ್ಯಾಮೆರಾ ಅಲ್ಲಿಗೆ ಹೋಗುವುದು ಅಪರೂಪ. ಅದು ಹಿಮಗಡ್ಡೆಯ ಹತ್ತಿರ ಹೋಗುತ್ತದೆ, ಅಳುವವರ ಹತ್ತಿರ ಹೋಗುತ್ತದೆ.

ಈಗ ಈ ವಿಷಯ ಕಲಿಸುವಾಗ ನಾನು ಶುರು ಮಾಡುವುದು ವಿಶ್ವಸಂಸ್ಥೆಯ ಗ್ಲಾಸ್ಗೋ ಹವಾಮಾನ ಸಮಾವೇಶದ ಕೊನೆಯ ಕೆಲವು ನಿಮಿಷಗಳಿಂದ. 2021ರ ನವೆಂಬರ್ 13. ಒಪ್ಪಂದದ ಕರಡಿನಲ್ಲಿ ಕಲ್ಲಿದ್ದಲನ್ನು ಪೂರ್ತಿ ನಿಲ್ಲಿಸುವ ಬದಲು ಹಂತಹಂತವಾಗಿ ತಗ್ಗಿಸುವುದು ಅಂತ ಬದಲಿಸಿ ಅಂದರು ಭಾರತದ ಸಚಿವ ಭೂಪೇಂದ್ರ ಯಾದವ್. ಬದಲಾಯಿತು. ಸಭೆಯ ಅಧ್ಯಕ್ಷ, ಬ್ರಿಟನ್ನಿನ ಅಲೋಕ್ ಶರ್ಮಾ ಕ್ಷಮೆ ಕೇಳುತ್ತಾ ಗಂಟಲು ಕಟ್ಟಿ ತಲೆ ತಗ್ಗಿಸುತ್ತಾರೆ. ಅಲ್ಲಿಗೇ ನಿಲ್ಲಿಸುತ್ತೇನೆ. ಇಲ್ಲಿ ತಪ್ಪು ಯಾರದು ಅಂತ ಕೇಳಿದರೆ ಎಲ್ಲರ ಬೆರಳೂ ಭಾರತದ ಕಡೆಗೇ.

ಆಮೇಲೆ ದೀಪ ಹಾಕಿ ಎರಡು ಹಾಳೆ ಹಂಚುತ್ತೇನೆ. ಒಂದು, ಅದಕ್ಕೆ ಮೂರು ದಿನ ಮೊದಲು ಅಮೆರಿಕ ಮತ್ತು ಚೀನಾ ಸೇರಿ ಹೊರಡಿಸಿದ ಹೇಳಿಕೆ. ಚೀನಾ ತನ್ನ ಕಲ್ಲಿದ್ದಲು ಬಳಕೆಯನ್ನು ಹಂತಹಂತವಾಗಿ ತಗ್ಗಿಸುತ್ತದೆ ಅಂತ ಅದರಲ್ಲಿ ಆಗಲೇ ಇದೆ. ಇನ್ನೊಂದು, ಗ್ಲಾಸ್ಗೋ ಒಪ್ಪಂದದ ಅದೇ ಪ್ಯಾರಾ. 'ಇದರಲ್ಲಿ ಪೆಟ್ರೋಲಿಯಂ ಎಲ್ಲಿದೆ ಹುಡುಕಿ' ಅನ್ನುತ್ತೇನೆ. ಹುಡುಕುತ್ತಾರೆ. ಇಲ್ಲ. ಅಲ್ಲಿ ತಗ್ಗಿಸಬೇಕು ಅಂತ ಇರುವುದು ಕಲ್ಲಿದ್ದಲು ಮಾತ್ರ, ತೈಲ ಮತ್ತು ಅನಿಲದ ಹೆಸರೇ ಇಲ್ಲ. ಆಗ ತರಗತಿ ಎರಡು ಪಾಲಾಗುತ್ತದೆ. ಭಾರತ ಮಾಡಿದ್ದು ಸರಿ ಅನ್ನುವವರು, ಆದರೂ ತಪ್ಪೇ ಅನ್ನುವವರು. ನಾನು ತೀರ್ಪು ಕೊಡುವುದಿಲ್ಲ. ಕ್ಯಾಮೆರಾ ತೋರಿಸಿದ್ದು ಎಷ್ಟು, ಕಾಗದದಲ್ಲಿ ಇರುವುದು ಎಷ್ಟು ಅಂತ ಅವರಿಗೆ ಆಗಲೇ ಗೊತ್ತಾಗಿರುತ್ತದೆ.

ಹಳೆಯ ಡಾಕ್ಯುಮೆಂಟರಿಗಳನ್ನು ಬಿಟ್ಟುಬಿಡಿ ಅಂತ ಅಲ್ಲ. ಅವೂ ಇತಿಹಾಸದ ದಾಖಲೆಗಳೇ. 'ಆ್ಯನ್ ಇನ್‌ಕನ್ವೀನಿಯೆಂಟ್ ಟ್ರುತ್' 2006ರದು. ಅದರಲ್ಲಿ ಮಾತಾಡುವ ಆಲ್ ಗೋರ್, 1997ರಲ್ಲಿ ಉಪಾಧ್ಯಕ್ಷರಾಗಿ ಸ್ವತಃ ಕ್ಯೋಟೋಗೆ ಹೋಗಿದ್ದವರು. 1998ರಲ್ಲಿ ಅಮೆರಿಕ ಸಹಿ ಹಾಕಿತು, ಆದರೆ ಅವರ ಸರ್ಕಾರ ಒಪ್ಪಂದವನ್ನು ಒಪ್ಪಿಗೆಗಾಗಿ ಸೆನೆಟ್ ಮುಂದೆ ಇಡಲೇ ಇಲ್ಲ. ಇಷ್ಟು ತಿಳಿದುಕೊಂಡು ನೋಡಿದರೆ ಸಿನಿಮಾ ಬೇರೆಯೇ ಕಾಣುತ್ತದೆ ಅಲ್ವಾ? ಇಂಗ್ಲೆಂಡಿನ ಶಾಲೆಗಳಿಗೆ ಇದನ್ನು ಹಂಚಿದಾಗ ಕೇಸು ಬಿತ್ತು. 2007ರಲ್ಲಿ ಲಂಡನ್ನಿನ ಹೈಕೋರ್ಟ್, ಮುಖ್ಯ ವಿಜ್ಞಾನ ಸರಿ ಇದೆ, ಆದರೆ ಒಂಬತ್ತು ಕಡೆ ವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯದಿಂದ ಆಚೆ ಹೋಗಿದೆ, ಶಿಕ್ಷಕರಿಗೆ ಮಾರ್ಗದರ್ಶಿ ಟಿಪ್ಪಣಿ ಕೊಟ್ಟೇ ತೋರಿಸಬೇಕು ಅಂದಿತು. ಆ ತೀರ್ಪನ್ನೇ ಒಂದು ಪಿರಿಯಡ್ ಓದಿಸಿ. ಸಿನಿಮಾವನ್ನು ಹೇಗೆ ನೋಡಬೇಕು ಅನ್ನುವುದಕ್ಕೆ ಅಷ್ಟು ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ.

ಸಮಾವೇಶಗಳ ವಿಡಿಯೋ ತುಣುಕುಗಳು ಇಂಟರ್ನೆಟ್‌ನಲ್ಲಿವೆ, ಒಪ್ಪಂದಗಳ ಪಠ್ಯವೂ ಉಚಿತವಾಗಿ ಸಿಗುತ್ತದೆ. ಪೂರ್ತಿ ಪಠ್ಯ ಕೊಟ್ಟು ಹೆದರಿಸಬೇಡಿ. ಒಂದು ದೃಶ್ಯಕ್ಕೆ ಒಂದು ಪ್ಯಾರಾ ಸಾಕು. ಇಡೀ ಸಿನಿಮಾ ತೋರಿಸಲೇಬೇಕು ಅಂತಿದ್ದರೆ ಸೆಮಿಸ್ಟರಿನ ಕೊನೆಗೆ ಇಟ್ಟುಕೊಳ್ಳಿ, ರಿಮೋಟ್ ಮಕ್ಕಳ ಕೈಗೇ ಕೊಡಿ.