ಅಪ್ಪನಿಗೆ ಪಿತ್ತನಾಳದ ಆಪರೇಷನ್ ಆದ ಮೇಲೆ ಸೋಂಕು, ಈಗ ಐಸಿಯುನಲ್ಲಿದ್ದಾರೆ. ಹೇಗೆ ತಡೆದುಕೊಳ್ಳಲಿ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಪ್ಪನಿಗೆ ಪಿತ್ತನಾಳದಲ್ಲಿ ಕಲ್ಲು, ಆಪರೇಷನ್ ಆಗಿ ಎಂಟು ದಿನಕ್ಕೆ ಚಳಿ ಜ್ವರ, ಈಗ ಸೋಂಕು ರಕ್ತಕ್ಕೆ ಸೇರಿದೆ ಅಂತ ಐಸಿಯುಗೆ ಹಾಕಿದ್ದಾರೆ, ಡಾಕ್ಟರ್ ಹೇಳುವುದು ತಲೆಗೆ ಹೋಗುತ್ತಿಲ್ಲ, ಮನೆಯಲ್ಲಿ ಓಡಾಡುವವಳು ನಾನೊಬ್ಬಳೇ ಎಂದು ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಶಿಡ್ಲಘಟ್ಟದ ಪಕ್ಕದ ಹಳ್ಳಿಯವನು, ಮನೆಯಲ್ಲಿ ರೇಷ್ಮೆ ಬೆಳೆಯುತ್ತೇವೆ. ಎರಡು ವರ್ಷದ ಹಿಂದೆ ನಮ್ಮಮ್ಮನಿಗೆ ಹೆಚ್ಚುಕಡಿಮೆ ಇದೇ ಆಯಿತು. ಒಟ್ಟು 23 ದಿನ ಆಸ್ಪತ್ರೆ. ಅಮ್ಮ ಈಗ ಚೆನ್ನಾಗಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ನನಗೆ ಇಂಥ ಒಂದು ಮಾತು ಹೇಳುವವರು ಯಾರೂ ಸಿಗಲಿಲ್ಲ.

ಅಮ್ಮನಿಗೆ ಪಿತ್ತನಾಳ ತೆರೆದು ಕಲ್ಲು ತೆಗೆದು, ಹೊಟ್ಟೆಯಿಂದ ಒಂದು ಟ್ಯೂಬ್ ಹೊರಗೆ ಬಿಟ್ಟು ಬ್ಯಾಗ್ ಹಾಕಿ ಮನೆಗೆ ಕಳಿಸಿದ್ದರು. ಟಿ-ಟ್ಯೂಬ್ ಅನ್ನುತ್ತಾರೆ. ದಿನಾ 300 ಎಂಎಲ್ ಹತ್ತಿರ ಪಿತ್ತ ಬರುತ್ತಿತ್ತು, ಅರಿಶಿನಕ್ಕೆ ಸ್ವಲ್ಪ ಹಸಿರು ಕಲಸಿದ ಬಣ್ಣ. ಹತ್ತನೇ ದಿನ ಸಂಜೆ ನೋಡಿದರೆ 60 ಎಂಎಲ್ ಕೂಡ ಇರಲಿಲ್ಲ. ಒಳಗೆ ವಾಸಿಯಾಗ್ತಿದೆ, ಅದಕ್ಕೇ ಕಡಿಮೆ ಬರ್ತಿದೆ ಅಂದುಕೊಂಡು ನಾವು ಖುಷಿಪಟ್ಟೆವು. ಅವತ್ತು ರಾತ್ರಿ ಚಳಿ ಶುರುವಾಯಿತು. ಸುಮ್ನೆ ನಡುಕ ಅಲ್ಲ, ಮಂಚದ ಕಾಲು ನೆಲಕ್ಕೆ ಟಕಟಕ ಬಡಿಯುವಷ್ಟು. ಮೂರು ಕಂಬಳಿ ಹೊದಿಸಿ ಮೇಲೆ ನಾನು ಒರಗಿಕೊಂಡರೂ ನಿಲ್ಲಲಿಲ್ಲ. ಹದಿನೈದು ನಿಮಿಷ ಆದ ಮೇಲೆ ಮೈಯೆಲ್ಲ ಬೆವರಿ, ಜ್ವರ ಇಳಿದು, ಮಗುವಿನ ಹಾಗೆ ಮಲಗಿಬಿಟ್ಟರು. ಅದೇ ನಮಗೆ ಮೋಸ ಮಾಡಿದ್ದು.

ಆವಾಗ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿತ್ತು. ರೇಷ್ಮೆ ಮನೆಯವರಿಗೆ ಗೊತ್ತು, ಆ ಒಂದು ವಾರ ಹುಳು ತಿನ್ನುವಷ್ಟು ಸೊಪ್ಪು ಅದುವರೆಗಿನ ದಿನ ಎಲ್ಲ ಸೇರಿಸಿದರೂ ತಿಂದಿರುವುದಿಲ್ಲ, ಮನೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಊರಿನಲ್ಲೇ ಒಂದು ಇಂಜೆಕ್ಷನ್, ಜ್ವರದ ಮಾತ್ರೆ ಅಂತ ಒಂದೂವರೆ ದಿನ ತಳ್ಳಿದೆವು. ಎರಡನೇ ದಿನ ಬೆಳಗ್ಗೆ ಅಮ್ಮನ ಕಣ್ಣು ಹಳದಿ. ಮೂತ್ರ ಕಡಕ್ ಡಿಕಾಕ್ಷನ್ ಬಣ್ಣ. ನನ್ನನ್ನು ನೋಡಿ ತೀರಿಹೋದ ನಮ್ಮ ಮಾವನ ಹೆಸರು ಹಿಡಿದು ಕರೆದು, ಹುಳಕ್ಕೆ ಸೊಪ್ಪು ಹಾಕಿದ್ಯಾ ಅಂತ ಕೇಳಿದರು. ಆಗ ಎದೆ ಝಲ್ ಅಂದಿತು. ಕಾರು ಮಾಡಿಕೊಂಡು ವಿಜಯಪುರ, ದೇವನಹಳ್ಳಿ ದಾಟಿ ಬೆಂಗಳೂರು ಸೇರುವಷ್ಟರಲ್ಲಿ ಬಿಪಿ 80ಕ್ಕೆ 50.

ಡಿಸ್ಚಾರ್ಜ್ ದಿನ ಚೀಟಿಯಲ್ಲಿ ಎಂಟು ಮಾತ್ರೆಯ ಹೆಸರಿತ್ತು. ಮೈ ನಡುಗುವ ಚಳಿ ಬಂದರೆ ರಾತ್ರಿಯಾದರೂ ಸರಿ ಕರೆದುಕೊಂಡು ಬನ್ನಿ ಎಂಬ ಒಂದು ಸಾಲು ಇರಲಿಲ್ಲ, ಬಾಯಲ್ಲೂ ಯಾರೂ ಹೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ. ತಡ ಮಾಡಿದ ತಪ್ಪು ನನ್ನದೂ ಇದೆ. ನಿಮ್ಮ ಬರಹದಲ್ಲೂ "ಒಂದು ದಿನ ಮುಂಚೆ ಬರಬೇಕಿತ್ತು" ಅಂತ ಎರಡು ಕಡೆ ಇದೆ. ಚಳಿ ಜ್ವರ ಕಂಡ ಮಾರನೇ ದಿನಕ್ಕೇ ನೀವು ಅಪ್ಪನನ್ನು ಕರೆತಂದಿದ್ದೀರಿ ತಂಗಿ. ನಮಗಿಂತ ಬೇಗ ಬಂದಿದ್ದೀರಿ.

ಇನ್ನು ಅರ್ಥ ಆಗದ ವಿಷಯ. ಐಸಿಯುನಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ನನಗೆ ಬಿಡಿಸಿ ಹೇಳಿದ್ದನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತೇನೆ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತ ಮಾಡುತ್ತದೆ. ಅದು ನಾಳದಲ್ಲಿ ಹರಿದು ಕರುಳಿಗೆ ಸೇರಬೇಕು. ಕೆರೆಯ ತೂಬು ಕಟ್ಟಿಕೊಂಡರೆ ನೀರು ಹೇಗೆ ಹಿಂದಕ್ಕೆ ತುಂಬುತ್ತದೋ ಹಾಗೆ, ನಾಳ ಎಲ್ಲಾದರೂ ಕಟ್ಟಿದರೆ ಪಿತ್ತ ನಿಲ್ಲುತ್ತದೆ, ನಿಂತ ಪಿತ್ತದಲ್ಲಿ ಕರುಳಿನ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಒತ್ತಡ ಜಾಸ್ತಿಯಾದಾಗ ಅಲ್ಲಿಂದ ರಕ್ತಕ್ಕೆ ನುಗ್ಗುತ್ತದೆ. ನಡುಕ ಬರುವುದು ಆಗಲೇ. ಇದಕ್ಕೆ ಕೊಲಾಂಜೈಟಿಸ್ ಅನ್ನುತ್ತಾರೆ. ಸೋಂಕಿಗೆ ದೇಹ ಅಡ್ಡಾದಿಡ್ಡಿ ತಿರುಗಿಬಿದ್ದು ಕಿಡ್ನಿ, ಬಿಪಿ, ಉಸಿರಾಟಕ್ಕೆ ಏಟು ಬಿದ್ದರೆ ಅದು ಸೆಪ್ಸಿಸ್. ಕೆಲವರಿಗೆ ಹೊಲಿಗೆ ಹತ್ತಿರ ಪಿತ್ತ ಲೀಕ್ ಆಗಿ ಹೊಟ್ಟೆಯೊಳಗೆ ತುಂಬಿಕೊಂಡು ಕೀವಾಗುತ್ತದೆ. ಅಮ್ಮನಿಗೆ ಎರಡೂ ಆಗಿತ್ತು. ಟ್ಯೂಬು ಕಟ್ಟಿತ್ತು, ಲಿವರ್ ಕೆಳಗೆ ಕೀವು ನಿಂತಿತ್ತು.

ಅದಕ್ಕೇ ಬರೀ ಆಂಟಿಬಯಾಟಿಕ್ ಸಾಲುವುದಿಲ್ಲ, ನಿಂತದ್ದನ್ನು ಹೊರಗೆ ಬಿಡಬೇಕು. ಬಾಯಿಂದ ಎಂಡೋಸ್ಕೋಪ್ ಅನ್ನುವ ಕ್ಯಾಮೆರಾ ಟ್ಯೂಬ್ ಬಿಟ್ಟು ನಾಳದಲ್ಲಿ ಸ್ಟೆಂಟ್, ಅಂದರೆ ನಾಳ ತೆರೆದಿಡುವ ಸಣ್ಣ ಕೊಳವೆ, ಇಡುತ್ತಾರೆ, ಇಲ್ಲಾಂದ್ರೆ ಸ್ಕ್ಯಾನ್ ನೋಡಿಕೊಂಡು ಚರ್ಮದ ಮೂಲಕ ಸಣ್ಣ ಪೈಪ್ ಹಾಕುತ್ತಾರೆ. ಅಮ್ಮನಿಗೆ ಪೈಪ್ ಹಾಕಿದ ದಿನವೇ ಕೀವು ಮಿಕ್ಸ್ ಆದ ಪಿತ್ತ ಅರ್ಧ ಲೀಟರ್ ಬಂತು. ನಾಳೆ ಡಾಕ್ಟರ್ ಸಿಕ್ಕಾಗ ಬೇರೇನೂ ನೆನಪಾಗದಿದ್ದರೂ ಇದೊಂದು ಕೇಳಿ: "ಪಿತ್ತ ಸರಿಯಾಗಿ ಹರೀತಿದೆಯಾ? ಎಲ್ಲಾದರೂ ನಿಂತಿದೆಯಾ? ನಿಂತಿದ್ದರೆ ಯಾವಾಗ, ಹೇಗೆ ತೆಗೀತೀರಿ?" ಅವತ್ತಿನವರೆಗೆ ನಾನು "ಹೇಗಿದ್ದಾರೆ ಸಾರ್" ಅಂತಿದ್ದೆ, ಅವರು "ನೋಡೋಣ" ಅಂತಿದ್ದರು. ಹೀಗೆ ಕೇಳಿದ ಮೇಲೆ ಸ್ಕ್ಯಾನ್ ತಂದು ತೋರಿಸಿದರು.

ಔಷಧಿ ಬದಲಾಯಿಸಿದರು ಅಂತ ಬರೆದಿದ್ದೀರಿ, ಅದಕ್ಕೆ ಹೆದರಬೇಡಿ. ಮೊದಲು ಅಂದಾಜಿನ ಮೇಲೆ ಜೋರಾದ ಆಂಟಿಬಯಾಟಿಕ್ ಶುರು ಮಾಡುತ್ತಾರೆ. ರಕ್ತ ಕಲ್ಚರ್ ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಗೊತ್ತಾದ ಮೇಲೆ ಬದಲಾಯಿಸುತ್ತಾರೆ. ಅಮ್ಮನಿಗೆ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬಂದಿತ್ತು, ಮೂರನೇ ದಿನ ಔಷಧಿ ಬದಲಾಯಿತು, ಐದನೇ ದಿನ ಬಿಪಿ ಏರಿಸುವ ಡ್ರಿಪ್ ನಿಲ್ಲಿಸಿದರು.

ಒಂದು 20 ರೂಪಾಯಿಯ ನೋಟ್‌ಬುಕ್ ತಗೊಳ್ಳಿ. ನನ್ನ ತಲೆ ಕೆಡದಂತೆ ಉಳಿಸಿದ್ದು ಅದೇ. ದಿನಕ್ಕೆ ಒಂದು ಪುಟ. ಬೆಳಗ್ಗೆ, ಸಂಜೆ ಜ್ವರ ಎಷ್ಟು, ಬಿಪಿ ಎಷ್ಟು, ಬ್ಯಾಗಿನಲ್ಲಿ ಎಷ್ಟು, ಯಾವ ಬಣ್ಣ, ಮೂತ್ರ ಎಷ್ಟು. ಮೂತ್ರ ಮರೆಯಬೇಡಿ. 50 ಕೆ.ಜಿ. ತೂಕದವರಿಗೆ ಗಂಟೆಗೆ 25 ಎಂಎಲ್ ಆದರೂ ಬರಬೇಕು, ಅದಕ್ಕಿಂತ ಕಡಿಮೆ ಆಗ್ತಿದ್ದರೆ ನರ್ಸಿಗೆ ಹೇಳಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು), ಬಿಲಿರುಬಿನ್ (ಕಣ್ಣು ಹಳದಿ ಮಾಡುವುದು) ರಿಪೋರ್ಟ್ ಬಂದ ದಿನ ಅದನ್ನೂ ಬರೆಯಿರಿ. ಕಣ್ಣಿನ ಹಳದಿ ಮಾತ್ರ ನಿಧಾನ. ಜ್ವರ ಬಿಟ್ಟು, ಬಿಪಿ ಸರಿಹೋಗಿ, ಊಟ ಕೇಳುವ ಹೊತ್ತಿಗೂ ಅಮ್ಮನ ಕಣ್ಣು ಹಳದಿಯಾಗೇ ಇತ್ತು. ಅದನ್ನೇ ನೋಡಿಕೊಂಡು ನಾನು ಸುಮ್ನೆ ಒಂದು ವಾರ ಅತ್ತೆ.

ಸೋಂಕು ಏರುಪೇರಾಗಿಯೇ ಇಳಿಯುವುದು, ಒಂದು ಒಳ್ಳೆ ದಿನದ ಹಿಂದೆ ಒಂದು ಕೆಟ್ಟ ದಿನ ಬರುತ್ತದೆ. ಏಳನೇ ದಿನ ಅಮ್ಮನನ್ನು ವಾರ್ಡಿಗೆ ಹಾಕಿದರು, ಎಂಟನೇ ದಿನ ರಾತ್ರಿ ಮತ್ತೆ ಚಳಿ ಬಂತು. ಪೈಪ್ ಮಡಚಿಕೊಂಡಿತ್ತು, ಸರಿ ಮಾಡಿದರು, ಅಷ್ಟೇ.

ಅಪ್ಪ ತಪ್ಪು ತಪ್ಪು ಮಾತಾಡ್ತಾರೆ, ಬೈತಾರೆ ಅಂದಿರಿ. ಸೋಂಕು ಜಾಸ್ತಿ ಇರುವಾಗ ಹಾಗಾಗುತ್ತದೆ. ತಿದ್ದಲು ಹೋಗಬೇಡಿ. ಒಳಗೆ ಬಿಟ್ಟಾಗ ಕೈ ಹಿಡಿದು ನಿಮ್ಮ ಹೆಸರು, ಇವತ್ತು ಯಾವ ವಾರ, ಇದು ಆಸ್ಪತ್ರೆ ಅಂತ ಮೆಲ್ಲಗೆ ಹೇಳಿ. ಕನ್ನಡಕ ಹಾಕುವವರಾದರೆ ಕನ್ನಡಕ ಕೊಡಿ. ಹೊಸದಾಗಿ ಗೊಂದಲ ಶುರುವಾದರೆ ಮಾತ್ರ ಸುಮ್ಮನಿರದೆ ಡ್ಯೂಟಿ ಡಾಕ್ಟರ್‌ಗೆ ಹೇಳಿ.

ದುಡ್ಡಿನ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಬಿಲ್ ಬೆಳೆಯುವ ಮುಂಚೆ ಇವತ್ತೇ ಅವರನ್ನು ಹುಡುಕಿ.

ಕೊನೆಗೆ ನಿಮ್ಮ ವಿಷಯ. ನಾಲ್ಕು ದಿನದಿಂದ ಐಸಿಯು ಹೊರಗಿನ ಕುರ್ಚಿಯಲ್ಲೇ ಇದ್ದೇನೆ ಅಂದಿರಿ. ನಾನೂ ಆರು ರಾತ್ರಿ ಹಾಗೇ ಕೂತೆ, ಯಾರು ಬಂದರೂ "ಬೇಡ, ನಾನೇ ಇರ್ತೀನಿ" ಅಂದೆ. ಏಳನೇ ದಿನ ಔಷಧಿ ತರಲು ಹೋಗಿ ಮೆಟ್ಟಿಲ ಮೇಲೆ ಕುಸಿದೆ. ಆಮೇಲೆ ಪಕ್ಕದ ಮನೆಯವರು ಹುಳು ನೋಡಿಕೊಂಡರು, ಚಿಕ್ಕಮ್ಮ ರಾತ್ರಿ ಬಂದರು, ತಂಗಿಯ ಗಂಡ ದಿನಾ ಮುದ್ದೆ, ಬಸ್ಸಾರು ಕಟ್ಟಿಸಿಕೊಂಡು ಬಂದರು. ಕೇಳಿದ್ದಕ್ಕೇ ಬಂದರು. ಊರಿನಲ್ಲಿ "ಏನಾದರೂ ಬೇಕಾದ್ರೆ ಹೇಳಮ್ಮ" ಅಂದವರಲ್ಲಿ ಇಬ್ಬರಿಗೆ ಈಗಲೇ ಫೋನ್ ಮಾಡಿ, ಇಂಥ ರಾತ್ರಿ ಬಂದು ಕೂರಿ ಅಂತ ದಿನ ಹೇಳಿಯೇ ಕೇಳಿ. ನೋಟ್‌ಬುಕ್ ಅವರ ಕೈಗೆ ಕೊಟ್ಟು, ಮನೆಗೆ ಹೋಗಿ ಸ್ನಾನ ಮಾಡಿ, ಬಿಸಿಯಾಗಿ ಉಂಡು, ನಾಲ್ಕು ಗಂಟೆ ಮಲಗಿ. ಕಲ್ಚರ್ ರಿಪೋರ್ಟ್ ಬಂದ ಮೇಲೆ ಏನು ಹೇಳಿದರು ಅಂತ ಇಲ್ಲೇ ಬರೆಯಿರಿ, ನಾನು ದಿನಾ ನೋಡ್ತಿರ್ತೀನಿ.