ಮನೆಯಲ್ಲೇ ಕಲಿಯುವ ಮಗಳ ವಿಜ್ಞಾನ ಪ್ರಾಜೆಕ್ಟ್‌ಗೆ ಪ್ರಾಯೋಜಕರು: ಪ್ರತಿಕ್ರಿಯೆ

ಮನೆಯಲ್ಲೇ ಕಲಿಯುವ ಮಗಳ ಪ್ರಾಜೆಕ್ಟ್‌ಗೆ ಪ್ರಾಯೋಜಕತ್ವ ಕೇಳಿ ಪತ್ರ ಬರೆದರೂ ಕಂಪನಿಗಳಿಂದ ಉತ್ತರವೇ ಇಲ್ಲ ಅಂದಿದ್ದೀರಿ. ಅವರು ಸುಮ್ಮನಿರುವುದಕ್ಕೆ ಪ್ರಾಜೆಕ್ಟ್ ಕಾರಣ ಇರಲಿಕ್ಕಿಲ್ಲ. ಮಗಳ ಕೆರೆನೀರಿನ ಪರೀಕ್ಷೆಗೆ ಹಣ ಕೇಳಿದ್ದೀರಿ, ಆದರೆ ಶಾಲೆಯ ಹೆಸರಿಲ್ಲದೆ ಚೆಕ್ ಯಾರ ಹೆಸರಿಗೆ ಬರೆಯಬೇಕು? ನಿಮ್ಮ ಪತ್ರ ಪೂರ್ತಿ ನೋಡಿಲ್ಲ, ಆದರೂ ತೊಡಕು ಇದೇ ಇರಬೇಕು. ಎಷ್ಟೋ ಕಂಪನಿಗಳು ನೋಂದಾಯಿತ ಸಂಸ್ಥೆಗಳಿಗೆ ಮಾತ್ರ ದೇಣಿಗೆ ಕೊಡುತ್ತವೆ.

ಮೊದಲು ನೋಂದಾಯಿತವಾದ ಒಂದು ವಿಜ್ಞಾನ ಕ್ಲಬ್, ಗ್ರಂಥಾಲಯ ಅಥವಾ ಟ್ರಸ್ಟ್ ಹಿಡಿಯಿರಿ. ಹಣ ಅವರ ಖಾತೆಗೆ ಬರಲಿ, ರಸೀದಿ ಅವರೇ ಕೊಡಲಿ. ಕೆಲವರು ಇದಕ್ಕೆ ಸಣ್ಣ ಪಾಲು ಹಿಡಿದುಕೊಳ್ಳುತ್ತಾರೆ. ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಆಮೇಲೆ ಬಜೆಟ್. ಒಂದೇ ಪುಟ ಸಾಕು, ಆದರೆ ಬಿಡಿಬಿಡಿಯಾಗಿ ಬರೆಯಿರಿ. 'ಉಪಕರಣಗಳು' ಅಂತ ಸುಮ್ನೆ ಒಂದು ಮೊತ್ತ ಹಾಕಿದರೆ ಯಾರೂ ನಂಬುವುದಿಲ್ಲ. ಪಿಎಚ್ ಮೀಟರ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಅಂತ ಅಳೆಯುವ ಉಪಕರಣ) ಬೇಕೆಂದರೆ ಅದನ್ನು ಕ್ಯಾಲಿಬ್ರೇಟ್ ಮಾಡುವ, ಅಂದರೆ ಸರಿಯಾಗಿ ಅಳೆಯುವಂತೆ ಹೊಂದಿಸುವ, ಪಿಎಚ್ 4, 7, 10ರ ಬಫರ್ ದ್ರಾವಣಗಳನ್ನೂ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳು), ನೀರಿಗೆ ಅದ್ದುವ ಎಲೆಕ್ಟ್ರೋಡ್ ಒಣಗದಂತೆ ಇಡುವ ದ್ರಾವಣವನ್ನೂ ಸೇರಿಸಿ. ಬಹಳ ಜನ ಮರೆಯುವುದು ಇವನ್ನೇ. ಈ ಸಾಲುಗಳಿದ್ದರೆ, ಕೆಲಸ ಗೊತ್ತಿರುವವರು ಬರೆದದ್ದು ಅಂತ ಓದಿದವರಿಗೆ ತಿಳಿಯುತ್ತದೆ.

ಪಟ್ಟಿಯಲ್ಲಿ ಎರವಲು ಸಿಗಬಹುದಾದದ್ದಕ್ಕೆ ಗುರುತು ಹಾಕಿ. ನೀರಿನ ಕಲಕು ಅಳೆಯುವ ಟರ್ಬಿಡಿಟಿ ಮೀಟರನ್ನು ಕಾಲೇಜು ಲ್ಯಾಬ್‌ನವರು ಮನೆಗೆ ಕೊಡದಿದ್ದರೂ, 'ಸ್ಯಾಂಪಲ್ ತಂದು ಇಲ್ಲೇ ಅಳೆಯಿರಿ' ಅನ್ನಬಹುದು. ಅಷ್ಟು ಖರ್ಚು ಉಳಿಯಿತಲ್ವಾ!

ಉಳಿದದ್ದಕ್ಕೆ ಪತ್ರ. ಮಗಳೇ ಬರೆಯಲಿ. ಒಬ್ಬೊಬ್ಬರ ಹತ್ತಿರ ಒಂದೊಂದೇ ವಸ್ತು ಕೇಳಲಿ, ಅದರ ಬೆಲೆ, ಬೇಕಾದ ದಿನಾಂಕ, ಟ್ರಸ್ಟ್ ಹೆಸರು ಹಾಕಲಿ. ದುಡ್ಡಿಗಿಂತ ವಸ್ತು ಕೊಡುವುದು ಸಣ್ಣ ಕಂಪನಿಗಳಿಗೆ ಸುಲಭ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡಿ.