ಗಾಡಿ ಪ್ರಶ್ನೋತ್ತರ: ಟಾಕಿ 37 ಲೀಟರ್, ಬಿಲ್ಲು 38.6 ಲೀಟರ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪೆಟ್ರೋಲ್ ಟಾಕಿಯ ಸುತ್ತಲೇ ಇದ್ದವು. ಅವುಗಳಿಂದಲೇ ಕೆಲವನ್ನು ಆರಿಸಿದ್ದೇವೆ.

ನಮ್ಮ ಕಾರಿನ ಟಾಕಿ 37 ಲೀಟರ್ ಅಂತ ಪುಸ್ತಕದಾಗ ಬರದಾರ. ಮೊನ್ನೆ ರಿಸರ್ವ್ ದೀಪ ಹತ್ತಿತ್ತು, ಆದ್ರ ಗಾಡಿ ಆರಾಮ ಓಡತಿತ್ತು. ಫುಲ್ ಮಾಡಸಿದ್ರ ಬಿಲ್ 38.6 ಲೀಟರ್ ಬಂತು. ಇದು ಮೋಸ ಅಲ್ಲೇನ್ರಿ?
— ಜಮಖಂಡಿಯ ಓದುಗರು

ಬಿಲ್ ಒಂದನ್ನೇ ಹಿಡಿದು ಮೋಸ ಎನ್ನಲಾಗದು. ಪುಸ್ತಕದಲ್ಲಿರುವ 37 ಎಂಬುದು ಕಂಪನಿ ಸೂಚಿಸುವ ತುಂಬುವ ಮಟ್ಟ. ಅದರ ಮೇಲೆ, ಪೆಟ್ರೋಲ್ ಬಿಸಿಯಾಗಿ ಹಿಗ್ಗಿದಾಗ ಬೇಕಾಗುವ ಖಾಲಿ ಜಾಗ ಬಿಟ್ಟಿರುತ್ತಾರೆ. ಅದರಾಚೆಗೆ ಮುಚ್ಚಳದಿಂದ ಟಾಕಿಯವರೆಗಿನ ಕೊಳವೆಯೂ ಇದೆ. ಕೊರಳಿನವರೆಗೆ ತುಂಬುತ್ತ ಹೋದರೆ ಬರೆದ ಅಳತೆಗಿಂತ ನಾಲ್ಕೈದು ಲೀಟರ್ ಹೆಚ್ಚು ಹಿಡಿಯುವುದು ಅಪರೂಪವೇನಲ್ಲ. ದೀಪ ಹತ್ತುವಾಗ ಇಂಥ ಕಾರಿನಲ್ಲಿ ಸಾಮಾನ್ಯವಾಗಿ 5-6 ಲೀಟರ್ ಉಳಿದಿರುತ್ತದೆ, ನೀವು ಪಂಪ್ ಮುಟ್ಟುವ ಹೊತ್ತಿಗೆ 3-4 ಎನ್ನಿ. ಅದನ್ನು 38.6ಕ್ಕೆ ಕೂಡಿಸಿದರೆ 42ರ ಆಸುಪಾಸು. ಕೊರಳಿನವರೆಗೆ ತುಂಬಿದ್ದರೆ ಈ ಲೆಕ್ಕ ಹೊಂದುತ್ತದೆ. ಮೊದಲ ಸಲ ನಾಝಲ್ 'ಟಕ್' ಎಂದಾಗಲೇ ನಿಲ್ಲಿಸಿಯೂ 38.6 ಬಂದಿದ್ದರೆ ಮಾತ್ರ ಅನುಮಾನಕ್ಕೆ ಕಾರಣವಿದೆ.

ಅನುಮಾನವಿದ್ದರೆ ಜಗಳ ಬೇಡ, ಅಳತೆ ಕೇಳಿ. ಪ್ರತಿ ಪಂಪ್‌ನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರ್ ಅಳತೆ ಪಾತ್ರೆ ಇರಲೇಬೇಕು. ಗ್ರಾಹಕರು ಕೇಳಿದರೆ ಅದರಲ್ಲಿ ಸುರಿದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್ ವ್ಯತ್ಯಾಸಕ್ಕೆ ಮಾಫಿ ಇದೆ. ಪಾತ್ರೆ ಸಮತಟ್ಟಾದ ಜಾಗದಲ್ಲಿರಲಿ, ಒಳಗೆ ಮೊದಲೇ ಎಣ್ಣೆ ನಿಂತಿರಬಾರದು, ನಿಮ್ಮ ಗಾಡಿಗೆ ಹಾಕಿದ ಅದೇ ನಾಝಲ್‌ನಿಂದ ಸುರಿಯಲಿ. ಮೀಟರ್ ಸೊನ್ನೆಯಿಂದ ಶುರುವಾಗುವುದನ್ನು ಕಣ್ಣಾರೆ ನೋಡಿ. ಕಡಿಮೆ ಬಂದರೆ ಬಿಲ್ ಇಟ್ಟುಕೊಂಡು ಇಲಾಖೆಗೆ ದೂರು ಕೊಡಿ.

ಇನ್ನು ನಿಜವಾದ ತೊಂದರೆ ಬೇರೆಯೇ ಇದೆ. ನಾಝಲ್‌ನ ತುದಿಯಲ್ಲಿ ಸಣ್ಣ ತೂತು ಇರುತ್ತದೆ, ಅದರಿಂದ ಗಾಳಿ ಎಳೆಯುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ಆ ತೂತು ಮುಚ್ಚಿದ ಕೂಡಲೇ ಗಾಳಿ ನಿಂತು, ಒಳಗಿನ ಪರದೆ ಎಳೆದುಕೊಂಡು ಹಿಡಿಕೆ ಬಿಡುತ್ತದೆ. ಪಂಪಿನ ಹುಡುಗ ರೌಂಡ್ ಫಿಗರ್ ಮಾಡಲು ಮತ್ತೆ ಮತ್ತೆ ಒತ್ತಿದಾಗ ಹಿಗ್ಗಲು ಬಿಟ್ಟ ಜಾಗವೇ ತುಂಬಿಹೋಗುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಟಾಕಿಯ ಆವಿ ಹಿಡಿಯಲು ಇದ್ದಿಲು ತುಂಬಿದ ಡಬ್ಬಿ ಇರುತ್ತದೆ. ಆವಿ ಹೋಗಬೇಕಾದ ಅದರೊಳಗೆ ದ್ರವ ನುಗ್ಗಿದರೆ ಇದ್ದಿಲು ಕೆಡುತ್ತದೆ. ಫುಲ್ ಮಾಡಿಸಿದ ಮೇಲೆ ಗಾಡಿ ಬೇಗ ಸ್ಟಾರ್ಟ್ ಆಗದಿರುವುದು, ಪೆಟ್ರೋಲ್ ವಾಸನೆ, ಎಂಜಿನ್ ದೀಪ ಹತ್ತುವುದು ಇದರ ಗುರುತು. ಆದ್ದರಿಂದ ಮೊದಲ 'ಟಕ್'ಗೆ ಸಾಕು ಎನ್ನಿ. ರೌಂಡ್ ಫಿಗರ್ ಬೇಕಿದ್ದರೆ ಮೊದಲೇ ಎರಡು ಸಾವಿರಕ್ಕೆ ಹಾಕಿ ಎಂದು ಹೇಳಿ.

ವಿಜಯಪುರದಿಂದ ಬೆಂಗಳೂರಿಗೆ ಏಳು ಮಂದಿ ಹೋಗಬೇಕಾಗಿದೆ. ಗಾಡಿ ಏಳು ಸೀಟಿನ ಪೆಟ್ರೋಲ್, ಟಾಕಿ 45 ಲೀಟರ್. ಕಂಪನಿಯವರು 20.5 ಆವರೇಜ್ ಹೇಳುತ್ತಾರೆ. ಗುಣಿಸಿದರೆ 920 ಕಿ.ಮೀ. ದಾಟುತ್ತದೆ. ಒಂದೇ ಟಾಕಿಯಲ್ಲಿ ಹೋಗಿ ಅರ್ಧ ದಾರಿ ವಾಪಸ್ ಬರಬಹುದೇ?
— ವಿಜಯಪುರದ ಓದುಗರು

ಈ ಗುಣಾಕಾರದಲ್ಲಿ ಎರಡೂ ಸಂಖ್ಯೆಗಳು ತಪ್ಪು. 45 ಲೀಟರ್ ಪೂರ್ತಿ ನಿಮ್ಮ ಬಳಕೆಗೆ ಸಿಗುವುದಿಲ್ಲ. ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪ್ ಮೋಟಾರ್ ಟಾಕಿಯೊಳಗೇ ಮುಳುಗಿರುತ್ತದೆ, ಅದು ತಣ್ಣಗಿರುವುದು ಸುತ್ತಲಿನ ಪೆಟ್ರೋಲ್‌ನಿಂದಲೇ. ಪದೇ ಪದೇ ತಳ ಮುಟ್ಟುವವರೆಗೆ ಓಡಿಸಿದರೆ ಅದು ಬಿಸಿಯಾಗಿ ಬೇಗ ಕೆಡುತ್ತದೆ. ಹಾಗಾಗಿ 7 ಲೀಟರ್ ಇಲ್ಲವೇ ಇಲ್ಲ ಎಂದುಕೊಳ್ಳಿ, ಲೆಕ್ಕಕ್ಕೆ ಉಳಿಯುವುದು 38.

ಇನ್ನು ಆ 20.5. ಅದು ಪ್ರಯೋಗಾಲಯದಲ್ಲಿ ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಅಳೆದದ್ದು. ಏಸಿ ಬಂದ್, ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಎದುರುಗಾಳಿ ಇಲ್ಲ, ಮೇಲೆ ಕ್ಯಾರಿಯರ್ ಇಲ್ಲ. ಗಾಡಿಗಳನ್ನು ಒಂದಕ್ಕೊಂದು ಹೋಲಿಸಲು ಆ ಅಂಕಿ ಒಳ್ಳೆಯದು, ದಾರಿ ಲೆಕ್ಕಕ್ಕೆ ಅಲ್ಲ. ನಿಮ್ಮ ಅಂಕಿಯನ್ನು ನೀವೇ ತೆಗೆಯಬೇಕು. ಮೊದಲ 'ಟಕ್'ವರೆಗೆ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. 300-400 ಕಿ.ಮೀ. ಓಡಿಸಿ, ಅದೇ ಪಂಪ್, ಅದೇ ನಾಝಲ್, ಮತ್ತೆ ಮೊದಲ 'ಟಕ್'. 392 ಕಿ.ಮೀ. ಓಡಿ 27 ಲೀಟರ್ ಹಿಡಿಸಿದರೆ ಆವರೇಜ್ 14.5. ನೂರು ಕಿ.ಮೀ. ಓಡಿಸಿ ಹೀಗೆ ಅಳೆಯುವವರಿದ್ದಾರೆ, ಅದು ದಂಡ. ನಾಝಲ್ ನಿಲ್ಲುವ ಮಟ್ಟದಲ್ಲಿ ಒಂದು ಲೀಟರ್ ಹೆಚ್ಚುಕಡಿಮೆ ಆಗುವುದು ಸಹಜ. ನೂರು ಕಿ.ಮೀ.ಗೆ ತಗಲುವ 7 ಲೀಟರಿನಲ್ಲಿ ಅದು ಲೆಕ್ಕವನ್ನೇ ಕೆಡಿಸುತ್ತದೆ, 27ರಲ್ಲಿ ಶೇ 4ರೊಳಗೆ ಉಳಿಯುತ್ತದೆ.

ಏಳು ಮಂದಿ, ಏಸಿ, ಸಾಮಾನು ಸೇರಿ 14.5 ಎಂದು ಹಿಡಿದರೆ 38 ಲೀಟರಿಗೆ 551 ಕಿ.ಮೀ. ಆಲಮಟ್ಟಿ, ಇಳಕಲ್, ಹೊಸಪೇಟೆ, ಚಿತ್ರದುರ್ಗದ ಮೇಲೆ ಬೆಂಗಳೂರು ಸುಮಾರು 530. ದಾಟಿತಲ್ಲ ಎಂದು ಸಮಾಧಾನಪಡಬೇಡಿ. ನೆಲಮಂಗಲದಿಂದ ಮುಂದೆ ಗಾಡಿ ನಿಂತು ನಿಂತು ಹೋಗುವ ಹೊತ್ತಿಗೇ ರಿಸರ್ವ್ ದೀಪ ಹತ್ತುತ್ತದೆ, ಏಸಿ ಹಾಕಿ ನಿಂತಲ್ಲೇ ಒಂದು ಗಂಟೆ ಎಂಜಿನ್ ಓಡಿದರೆ ಹತ್ತಿರ ಹತ್ತಿರ ಒಂದು ಲೀಟರ್ ಹೋಗುತ್ತದೆ. ಚಿತ್ರದುರ್ಗದಲ್ಲಿ ಊಟಕ್ಕೆ ನಿಲ್ಲುವುದಿದ್ದರೆ ಅಲ್ಲೇ 10-12 ಲೀಟರ್ ಹಾಕಿಸಿ. ಅಲ್ಲಿಂದಾಚೆಗೆ ಅಗಲವಾದ ಹೆದ್ದಾರಿಯಲ್ಲಿ 110ರ ಆಸೆ ಬರುತ್ತದೆ. 80ರಲ್ಲಿದ್ದ ಗಾಳಿಯ ತಡೆ 110ರಲ್ಲಿ 1.9 ಪಟ್ಟಾಗುತ್ತದೆ ಎಂಬುದು ನೆನಪಿರಲಿ, ಮೇಲೆ ಕ್ಯಾರಿಯರ್ ಕಟ್ಟಿದ್ದರಂತೂ ಇನ್ನೂ ಹೆಚ್ಚು.

ಹೊಸ ಗಾಡಿ ನೋಡುತ್ತಿರುವವರಿಗೆ ಒಂದು ಮಾತು. ಟಾಕಿಗಳು ಮೊದಲಿಗಿಂತ ಚಿಕ್ಕವಾಗಿವೆ. 2011ರಲ್ಲಿ ಬಂದ ಸ್ವಿಫ್ಟ್‌ಗೆ 42 ಲೀಟರ್ ಇತ್ತು, ಈಗಿನದಕ್ಕೆ 37. ವ್ಯಾಗನ್‌ಆರ್ 32, ಕ್ರೆಟಾ 50. ದೊಡ್ಡ ಟಾಕಿ ಎಂದ ಮಾತ್ರಕ್ಕೆ ದೂರ ಹೆಚ್ಚು ಎಂದಲ್ಲ: 32ರಲ್ಲಿ 5 ಕಳೆದು 19 ಆವರೇಜ್ ಇರುವ ಗಾಡಿ 513 ಕಿ.ಮೀ. ಹೋದರೆ, 50ರಲ್ಲಿ 7 ಕಳೆದು 12 ಕೊಡುವ ಗಾಡಿ 516ಕ್ಕೆ ನಿಲ್ಲುತ್ತದೆ. ತುಂಬಿಸುವ ಖರ್ಚಿನಲ್ಲಿ ಮಾತ್ರ ಅಜಗಜಾಂತರ.

ಗೋವಾದಿಂದ ಹೊರಡುವಾಗ ಮೀಟರ್‌ನಲ್ಲಿ ಇನ್ನೂ 300 ಕಿ.ಮೀ. ಹೋಗಬಹುದು ಎಂದು ತೋರಿಸುತ್ತದೆ. ಚೋರ್ಲಾ ಘಾಟ್ ಹತ್ತಿ ಮೇಲೆ ಬರುವಷ್ಟರಲ್ಲಿ 200ಕ್ಕೆ ಇಳಿದಿರುತ್ತದೆ. ಟಾಕಿ ಸೋರುತ್ತಿದೆಯೇ? ಗೋವಾದಲ್ಲೇ ಫುಲ್ ಮಾಡಿಸಿಕೊಂಡು ಬರುವುದು ಲಾಭವೇ?
— ಟಿಳಕವಾಡಿ, ಬೆಳಗಾವಿಯ ಓದುಗರು

ಸೋರುತ್ತಿಲ್ಲ. ಉಳಿದ ಪೆಟ್ರೋಲನ್ನು ಇತ್ತೀಚಿನ ಆವರೇಜ್‌ನಿಂದ ಗುಣಿಸಿ ಆ ಅಂಕಿ ತೋರಿಸುತ್ತದೆ, ಮುಂದಿನ ದಾರಿ ಏರೋ ಇಳಿಜಾರೋ ಅದಕ್ಕೆ ಗೊತ್ತಿಲ್ಲ. ಸಮುದ್ರ ಮಟ್ಟದಿಂದ ನೀವು ಹತ್ತಿರ ಹತ್ತಿರ 800 ಮೀಟರ್ ಮೇಲೇರುತ್ತೀರಿ. ಜನ ಸೇರಿ 1,400 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು, ಎಂಜಿನ್‌ನಲ್ಲಿ ಪೋಲಾಗುವ ಶಾಖವನ್ನೂ ಲೆಕ್ಕ ಹಿಡಿದರೆ, ಒಂದೂಕಾಲು ಲೀಟರಿನಷ್ಟು ಪೆಟ್ರೋಲ್ ಹೆಚ್ಚಿಗೆ ಬೇಕು. ನಿಜವಾಗಿ ಖರ್ಚಾದ ಹೆಚ್ಚುವರಿ ಅಷ್ಟೇ. ಆದರೆ ಏರಿನ ಆವರೇಜ್ 8-9ಕ್ಕೆ ಬಿದ್ದದ್ದನ್ನು ನೋಡಿ ಮೀಟರ್ ಮುಂದಿನ ದಾರಿಯೆಲ್ಲ ಹೀಗೆಯೇ ಎಂದುಕೊಳ್ಳುತ್ತದೆ. ಬೆಳಗಾವಿಯ ಸಪಾಟು ರಸ್ತೆಯಲ್ಲಿ 20-30 ಕಿ.ಮೀ. ಓಡಿದ ಮೇಲೆ ಅಂಕಿ ತಾನೇ ಮೇಲೇರುತ್ತದೆ.

ಗೋವಾಕ್ಕೆ ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಚಾಳಿ ಇದ್ದರೆ ಬಿಡಿ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್‌ಗಳು ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಲ್ಲದಂತೆ ಇರಿಸಲು ಪೆಟ್ರೋಲ್ ಹೋಗುತ್ತಲೇ ಇರುತ್ತದೆ, ಮೇಲಾಗಿ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಎರಡನೇ ಇಲ್ಲವೇ ಮೂರನೇ ಗೇರ್‌ನಲ್ಲಿ ಇಳಿಯಿರಿ.

ಗೋವಾದಲ್ಲಿ ದರ ಕಡಿಮೆ ಇರುವುದು ನಿಜ, ಹೋಗಿದ್ದಾಗ ಹಾಕಿಸಿಕೊಳ್ಳುವುದು ಜಾಣತನವೇ. ಲೀಟರಿಗೆ 6 ರೂಪಾಯಿ ಉಳಿದರೂ 30 ಲೀಟರಿಗೆ 180 ರೂಪಾಯಿ. ಅದಕ್ಕಾಗಿಯೇ ಹೋಗಿಬಂದರೆ 250 ಕಿ.ಮೀ.ಗೆ 14 ಲೀಟರ್ ಸುಡುತ್ತೀರಿ. ಕ್ಯಾನ್‌ನಲ್ಲಿ ತುಂಬಿಕೊಂಡು ಡಿಕ್ಕಿಯಲ್ಲಿಟ್ಟು ಘಾಟ್ ಹತ್ತುವ ಯೋಚನೆ ಬೇಡವೇ ಬೇಡ.

ಬೆಳಿಗ್ಗೆ ತಂಪಿನಾಗ ಪೆಟ್ರೋಲ್ ಹಾಕ್ಸಿದ್ರ ಹೆಚ್ಚು ಬರ್ತದ ಅಂತಾರ, ಖರೇನ?
— ಇಂಡಿಯ ಓದುಗರು

ಇಲ್ಲ. ಪಂಪಿನ ಟಾಕಿ ನೆಲದೊಳಗಿದೆ, ಹಗಲು ರಾತ್ರಿಗೆ ಅದರ ಬಿಸಿ ಹೆಚ್ಚು ಬದಲಾಗುವುದಿಲ್ಲ. 10 ಡಿಗ್ರಿ ವ್ಯತ್ಯಾಸವಾದರೂ ಪೆಟ್ರೋಲ್ ಹಿಗ್ಗುವುದು ಶೇ 1ರಷ್ಟು. ಬೇಸಿಗೆಯಲ್ಲಿ ಫುಲ್ ಮಾಡಿಸಿದರೆ ಟಾಕಿ ಸಿಡಿಯುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವುದೂ ಸುಳ್ಳು.

ಸಿಎನ್‌ಜಿ ಸಿಲಿಂಡರ್ 60 ಲೀಟರ್ ಎಂದು ಹೇಳಿ ಗಾಡಿ ಕೊಟ್ಟರು. 8 ಕಿಲೋ ಮೇಲೆ ಎಂದೂ ಹಿಡಿದಿಲ್ಲ. ಮಧ್ಯಾಹ್ನ ಹೋದರೆ 7ಕ್ಕೇ ನಿಲ್ಲುತ್ತದೆ.
— ಗೋಕಾಕದ ಓದುಗರು

60 ಲೀಟರ್ ಎಂಬುದು ಸಿಲಿಂಡರಿನಲ್ಲಿ ನೀರು ತುಂಬಿದರೆ ಹಿಡಿಯುವ ಅಳತೆ. ಗ್ಯಾಸನ್ನು ಕೊಳ್ಳುವುದು ಕಿಲೋ ಲೆಕ್ಕದಲ್ಲಿ. ಅರಳೆಯ ಅಂಡಿಗೆಯ ಹಾಗೆ, ಎಷ್ಟು ಒತ್ತಿ ತುಂಬಿದರೋ ಅಷ್ಟು ತೂಕ. ಭರ್ತಿ 200 ಬಾರ್ ಒತ್ತಡದಲ್ಲಿ, ಗ್ಯಾಸ್ ತಣ್ಣಗಿದ್ದರೆ, 60 ಲೀಟರ್ ಸಿಲಿಂಡರಿಗೆ ಸುಮಾರು 10 ಕಿಲೋ ಹಿಡಿಯಬೇಕು. ಆದರೆ ವೇಗವಾಗಿ ತುಂಬುವಾಗ ಸಿಲಿಂಡರಿನೊಳಗೆ ಗ್ಯಾಸ್ ಬಿಸಿಯಾಗುತ್ತದೆ, ಬಿಸಿ ಗ್ಯಾಸ್ ಕಡಿಮೆ ತೂಕದಲ್ಲೇ 200 ಬಾರ್ ತೋರಿಸುತ್ತದೆ, ಯಂತ್ರ ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಇದು ಇನ್ನೂ ಬೇಗ. ಮೇಲಾಗಿ ಎಲ್ಲ ಪಂಪ್‌ಗಳಿಗೂ ಪೈಪ್‌ಲೈನ್ ಇಲ್ಲ, ಲಾರಿಯಲ್ಲಿ ಸಿಲಿಂಡರ್ ತಂದು ತುಂಬುವ ಕಡೆ ಸಾಲು ಉದ್ದವಾದಷ್ಟೂ ಒತ್ತಡ ಇಳಿಯುತ್ತ ಹೋಗುತ್ತದೆ. ಪೆಟ್ರೋಲ್ ಮುಂಜಾನೆ ಹಾಕಿಸಬೇಕೆಂಬುದು ಸುಳ್ಳಾದರೂ ಸಿಎನ್‌ಜಿ ವಿಷಯದಲ್ಲಿ ಅದು ದಿಟ. ಗೇಜ್‌ನಲ್ಲಿ 200 ತೋರಿಸಿತೇ ನೋಡಿ. 170-180ಕ್ಕೇ ನಿಂತರೆ ಕೊರತೆ ಪಂಪಿನದು, ಗಾಡಿಯದಲ್ಲ.

8 ಕಿಲೋ, ಕಿಲೋಗೆ 27 ಎಂದರೆ 216 ಕಿ.ಮೀ. ಪೆಟ್ರೋಲ್ ಟಾಕಿಯನ್ನು ಪೂರ್ತಿ ಒಣಗಿಸಬೇಡಿ. ಹೆಚ್ಚಿನ ಸಿಎನ್‌ಜಿ ಗಾಡಿಗಳು ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗಿ ನಂತರ ಗ್ಯಾಸ್‌ಗೆ ಹೊರಳುತ್ತವೆ. ಕಾಲು ಟಾಕಿ ಇರಲಿ, ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿ.ಮೀ. ಪೆಟ್ರೋಲ್‌ನಲ್ಲೇ ಓಡಿಸಿ. ಸಿಲಿಂಡರಿನ ಒತ್ತಡ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಕಡ್ಡಾಯ, ತಾರೀಖು ಅದರ ಫಲಕದ ಮೇಲಿರುತ್ತದೆ.

2019ರ ಪೆಟ್ರೋಲ್ ಕಾರು, 17 ಕೊಡುತ್ತಿದ್ದುದು ಈಗ 14. ಎಲ್ಲರೂ ಎಥೆನಾಲ್ ಕಾರಣ ಎನ್ನುತ್ತಾರೆ.
— ಮುಧೋಳದ ಓದುಗರು

ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್‌ನ ಪಾಲು ಇದೆ, ಪೂರ್ತಿ ಅಲ್ಲ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥೆನಾಲ್‌ನಲ್ಲಿ 21. ಶೇ 10 ಬೆರೆಸಿದ್ದರಿಂದ ಶೇ 20 ಬೆರೆಸಿದ್ದಕ್ಕೆ ಬಂದಾಗ ಲೀಟರಿನ ಶಕ್ತಿ ಶೇ 3.5ರಷ್ಟು ಇಳಿಯುತ್ತದೆ. ನಿಮ್ಮ 17, ಈ ಲೆಕ್ಕದಲ್ಲಿ 16.4 ಆಗಬೇಕು. ಹಳೆಯ ಹೊಂದಾಣಿಕೆಯ ಎಂಜಿನ್ ಎಂದು ಇನ್ನೂ ಸ್ವಲ್ಪ ಬಿಟ್ಟರೂ 14ಕ್ಕೆ ಇಳಿಯಬಾರದು. ಎಥೆನಾಲ್ ಬಂದ ಮೇಲೆ ಮೆಕ್ಯಾನಿಕ್‌ಗಳಿಗೂ ಒಂದು ನೆಪ ಸಿಕ್ಕಂತಾಗಿದೆ.

ಮೊದಲು ಟಯರ್ ಗಾಳಿ, ತಣ್ಣಗಿದ್ದಾಗ. ಅಳತೆ ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿದೆ. ಆಮೇಲೆ ಬ್ರೇಕ್: ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್‌ಗಳ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಆ ಚಕ್ರದ ಬ್ರೇಕ್ ಬಿಟ್ಟುಕೊಳ್ಳುತ್ತಿಲ್ಲ. ಜ್ಯಾಕ್ ಹಾಕಿ ಕೈಯಿಂದ ತಿರುಗಿಸಿದರೆ ಖಚಿತವಾಗುತ್ತದೆ. ಏರ್ ಫಿಲ್ಟರ್ ತೆಗೆದು ನೋಡಿ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ಕರಿಮಣ್ಣಿನ ಧೂಳು ಕುಡಿದ ಫಿಲ್ಟರ್ ಪುಸ್ತಕ ಹೇಳುವಷ್ಟು ದಿನ ಬಾಳುವುದಿಲ್ಲ. ಎಂಜಿನ್ ಬೆಚ್ಚಗಾಗಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ ಥರ್ಮೋಸ್ಟ್ಯಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ಬಾಗಿಲು) ತೆರೆದೇ ಉಳಿದಿರಬಹುದು, ತಣ್ಣನೆಯ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇವೆಲ್ಲ ಸರಿಯಿದ್ದರೆ ಸ್ಪಾರ್ಕ್ ಪ್ಲಗ್, ಆಕ್ಸಿಜನ್ ಸೆನ್ಸರ್ ನೋಡಿಸಿ.

ಡೀಸೆಲ್ ಗಾಡಿ ದಾರಿಯಲ್ಲಿ ಖಾಲಿಯಾಗಿ ನಿಂತಿತು. 2 ಲೀಟರ್ ತಂದು ಹಾಕಿದರೂ ಸ್ಟಾರ್ಟ್ ಆಗಲಿಲ್ಲ. ಏಕೆ?
— ಬಸವನ ಬಾಗೇವಾಡಿಯ ಓದುಗರು

ಪೈಪಿನಲ್ಲಿ ಗಾಳಿ ಸೇರಿದೆ. ಪೆಟ್ರೋಲ್ ಕಾರಾದರೆ 5 ಲೀಟರ್ ಹಾಕಿ, ಚಾವಿ ಆನ್ ಮಾಡಿ ಮೂರು ಸೆಕೆಂಡ್ ಬಿಟ್ಟು ಆಫ್ ಮಾಡುವುದನ್ನು ಮೂರ್ನಾಲ್ಕು ಸಲ ಮಾಡಿದರೆ ಸಾಕಾಗುತ್ತದೆ. ಡೀಸೆಲ್‌ನಲ್ಲಿ ಗಾಳಿ ಹೊರಹಾಕದೆ ಎಂಜಿನ್ ಹಿಡಿಯುವುದಿಲ್ಲ. ಕನಿಷ್ಠ 5, ಸಾಧ್ಯವಾದರೆ 10 ಲೀಟರ್ ಹಾಕಿ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ 2 ಲೀಟರ್ ಒಂದು ಮೂಲೆಗೆ ಸರಿದು ಪಂಪಿಗೆ ಸಿಗುವುದೇ ಇಲ್ಲ. ಡೀಸೆಲ್ ಫಿಲ್ಟರ್ ಹತ್ತಿರ ಕೈಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಫಿಲ್ಟರ್ ಮೇಲೆ ಗಾಳಿ ಬಿಡುವ ಸ್ಕ್ರೂ ಇದ್ದರೆ ಅರ್ಧ ಸುತ್ತು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಒತ್ತಿ ಬಿಗಿಮಾಡಿ. ಆಮೇಲೆ 10 ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ.

ಕೈಪಂಪ್ ಇಲ್ಲದ ಕಾಮನ್ ರೈಲ್ ಗಾಡಿಯಾದರೆ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು) ತಳ್ಳಿ ಸ್ಟಾರ್ಟ್ ಮಾಡುವ ಸಾಹಸ ಬೇಡ, ಮೆಕ್ಯಾನಿಕ್‌ನನ್ನು ಕರೆಸಿ. ಅದರ ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಎಣ್ಣೆ. ಒಣಗಿ ತಿರುಗಿದರೆ ಲೋಹ ಉಜ್ಜಿ ಪುಡಿ ಇಂಜೆಕ್ಟರ್‌ಗಳಿಗೆ ಸೇರುತ್ತದೆ. ಗಾಡಿ ಸ್ಟಾರ್ಟ್ ಆದ ಮೇಲೂ ಎಳೆತ ಕಡಿಮೆ ಎನಿಸಿದರೆ ಫಿಲ್ಟರ್ ಬದಲಿಸಿ, ತಳದ ಕಸ ಎಳೆದುಕೊಂಡು ಅದು ಕಟ್ಟಿಕೊಂಡಿರುತ್ತದೆ.